ದೊಡ್ಡ ಪಿಡಿಎಫ್‌ನಿಂದ ಬೇಕಾದ ಪುಟಗಳನ್ನಷ್ಟೇ ತೆಗೆಯುವುದು ಹೇಗೆ? ಫೈಲನ್ನು ಯಾರ ಕೈಗೂ ಕೊಡದೆ

ಮೊನ್ನೆ ರಾತ್ರಿ ಒಂಬತ್ತೂವರೆ ಹೊತ್ತಿಗೆ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮ, ಜೆರಾಕ್ಸ್ ಅಂಗಡಿಯವರು ನನ್ನ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿಕೊಟ್ಟಿದ್ದಾರೆ. 34 ಪುಟ ಇದೆ. ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬೇರೆ, ಪಿಯುಸಿದು ಬೇರೆ, ಜಾತಿ ಪ್ರಮಾಣಪತ್ರ ಬೇರೆ ಹಾಕಬೇಕಂತೆ. ನಾಳೆನೇ ಕೊನೇ ದಿನ. ಯಾವ ಆ್ಯಪ್ ಹಾಕ್ಕೊಳ್ಳಲಿ?"

ಯಾವ ಆ್ಯಪೂ ಬೇಡ ಅಂದೆ. ಅವಳ ಹತ್ತಿರ ಇದ್ದದ್ದು ಒಂದು ಸಾಧಾರಣ ಆಂಡ್ರಾಯ್ಡ್ ಫೋನ್, ಅಷ್ಟೇ. ಕಾಲು ಗಂಟೆಯಲ್ಲಿ ಆರು ಫೈಲು ತಯಾರಾಯಿತು. ಆ ರಾತ್ರಿ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ನನಗೆ ಬರುವುದು ಇದೇ ಮೊದಲಲ್ಲ, ಪ್ರತಿ ಸಲವೂ ಕೇಳುವವರು ಗಾಬರಿಯಲ್ಲೇ ಇರುತ್ತಾರೆ, ಗಾಬರಿಯಲ್ಲಿ ಗೂಗಲ್‌ನಲ್ಲಿ ಮೊದಲು ಕಂಡ ಸೈಟಿಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಅಪ್‌ಲೋಡ್ ಮಾಡಿಬಿಡುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ. ಪುಟ ಬೇರೆ ಮಾಡೋದು ನಿಮ್ಮ ಫೋನು, ನಿಮ್ಮ ಕಂಪ್ಯೂಟರ್ ಆಗಲೇ ಬಲ್ಲ ಕೆಲಸ. ಅದಕ್ಕೆ ಇಂಟರ್ನೆಟ್ ಕೂಡ ಬೇಕಿಲ್ಲ.

ಗುಟ್ಟು ಇರೋದು ಪ್ರಿಂಟ್ ಬಟನ್ನಿನಲ್ಲಿ. ಪ್ರಿಂಟ್ ಅಂದ ಕೂಡಲೇ ನಮಗೆ ಕಾಗದ ನೆನಪಾಗುತ್ತದೆ. ಆದರೆ ಪ್ರಿಂಟರ್ ಆರಿಸುವ ಜಾಗದಲ್ಲಿ "ಸೇವ್ ಆ್ಯಸ್ ಪಿಡಿಎಫ್" ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಆರಿಸಿ, ಎಲ್ಲಾ ಪುಟದ ಬದಲು 3ರಿಂದ 5 ಅಂತ ಹೇಳಿದರೆ, ಕಾಗದದ ಬದಲು ಆ ಮೂರೇ ಪುಟದ ಹೊಸ ಪಿಡಿಎಫ್ ಹುಟ್ಟುತ್ತದೆ. ಹಳೇ ಫೈಲು ಹಾಗೇ ಇರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ.

ಮೊದಲು ಒಂದು ಚೀಟಿ ತೆಗೆದುಕೊಳ್ಳಿ

ನಿಜವಾಗಿ ಚೀಟಿ, ಪೆನ್ನು. ಫೈಲನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಯಾವುದು ಎಷ್ಟನೇ ಪುಟದಲ್ಲಿದೆ ಅಂತ ಬರೆದುಕೊಳ್ಳಿ. ಅವಳ ಚೀಟಿ ಹೀಗಿತ್ತು: ಆಧಾರ್ 1-2, ಎಸ್ಸೆಸ್ಸೆಲ್ಸಿ 3, ಪಿಯುಸಿ 4-5, ವ್ಯಾಸಂಗ ಪ್ರಮಾಣಪತ್ರಗಳು 6-15, ಜಾತಿ ಮತ್ತು ಆದಾಯ 16-17, ಉಳಿದಿದ್ದೆಲ್ಲ 18-34. ಈ ಎರಡು ನಿಮಿಷದ ಕೆಲಸ ಮಾಡದೆ ಶುರು ಮಾಡಿದವರು ಒಂದೊಂದು ಪುಟಕ್ಕೂ ಫೈಲು ತೆಗೆದು, ನೋಡಿ, ಮುಚ್ಚಿ, ಕೊನೆಗೆ ಪಿಯುಸಿ ಜಾಗಕ್ಕೆ ವ್ಯಾಸಂಗ ಪ್ರಮಾಣಪತ್ರ ಹಾಕಿ ಬಂದಿರುವುದನ್ನು ನೋಡಿದ್ದೇನೆ.

ಚೀಟಿ ಬರೆಯುವಾಗ ಒಂದು ವಿಷಯ ಗಮನದಲ್ಲಿರಲಿ. ನಮಗೆ ಬೇಕಾಗಿರೋದು ಪುಟದ ಮೇಲೆ ಅಚ್ಚಾಗಿರುವ ನಂಬರ್ ಅಲ್ಲ, ಫೈಲಿನಲ್ಲಿ ಅದು ಎಷ್ಟನೇದು ಅನ್ನುವ ನಂಬರ್. ಪುಸ್ತಕಗಳಲ್ಲಿ ಇವೆರಡೂ ಬೇರೆ ಬೇರೆ, ಇಲ್ಲೇ ಬಹಳ ಜನ ಎಡವುವುದು. ಒಂದು ಉದಾಹರಣೆ ಹೇಳುತ್ತೇನೆ. ಮಗುವಿನ ಪಠ್ಯಪುಸ್ತಕವನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಿಂದ ಡೌನ್‌ಲೋಡ್ ಮಾಡಿದ್ದೀರಿ, ಒಂದು ಪಾಠ ಮಾತ್ರ ಪ್ರಿಂಟ್ ಹಾಕಿಸಬೇಕು ಅಂದುಕೊಳ್ಳಿ. ಪರಿವಿಡಿಯಲ್ಲಿ ಆ ಪಾಠ 57ನೇ ಪುಟದಿಂದ 66ರವರೆಗೆ ಅಂತಿದೆ. ನೀವು 57-66 ಅಂತ ಕೊಟ್ಟರೆ ಬೇರೆ ಯಾವುದೋ ಪಾಠದ ಬಾಲ ಬರುತ್ತದೆ. ಯಾಕೆಂದರೆ ಪುಸ್ತಕದ ಮುಂದೆ ಹೊದಿಕೆ, ಮುನ್ನುಡಿ, ಸಮಿತಿಯವರ ಪಟ್ಟಿ, ಪರಿವಿಡಿ ಅಂತ ಹತ್ತು ಹನ್ನೆರಡು ಪುಟ ಇರುತ್ತದೆ, ಅದನ್ನು ಅಚ್ಚಿನ ನಂಬರು ಎಣಿಸುವುದಿಲ್ಲ, ಫೈಲು ಎಣಿಸುತ್ತದೆ.

ಲೆಕ್ಕ ಸುಲಭ. ಫೈಲನ್ನು ಕ್ರೋಮ್‌ನಂಥ ಬ್ರೌಸರಿನಲ್ಲಿ ತೆರೆಯಿರಿ. ಅಚ್ಚಿನಲ್ಲಿ "1" ಅಂತ ಇರುವ ಪುಟಕ್ಕೆ ಹೋಗಿ. ಮೇಲೆ ಬ್ರೌಸರ್ ಎಷ್ಟನೇ ಪುಟ ಅಂತ ತೋರಿಸುತ್ತಿದೆ ನೋಡಿ. 15 ಅಂತಿದ್ದರೆ ವ್ಯತ್ಯಾಸ 14. ಈಗ 57ಕ್ಕೆ 14 ಸೇರಿಸಿ, 71. 66ಕ್ಕೆ 14 ಸೇರಿಸಿ, 80. ನೀವು ಕೊಡಬೇಕಾದ್ದು 71-80. ಒಮ್ಮೆ ಪುಟದ ಬಾಕ್ಸಿನಲ್ಲಿ 71 ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಪಾಠದ ಹೆಸರು ಕಣ್ಣಿಗೆ ಬಿದ್ದರೆ ಲೆಕ್ಕ ಸರಿ. ಪುಸ್ತಕದ ನಡುವೆ ನಂಬರಿಲ್ಲದ ಬಣ್ಣದ ಚಿತ್ರದ ಹಾಳೆ ಸೇರಿಸಿದ್ದರೆ ವ್ಯತ್ಯಾಸ ಮುಂದೆ ಬದಲಾಗುತ್ತದೆ, ಅದಕ್ಕೆ ಕೊನೆಯ ಪುಟವನ್ನೂ ಹೀಗೇ ನೋಡಿಬಿಡಿ.

"ಇಷ್ಟೆಲ್ಲಾ ಯಾಕೆ, ಪಾಠದ ಹೆಸರು ಹುಡುಕಿದರೆ ಆಯ್ತಲ್ವಾ?" ಅಂತ ನೀವು ಕೇಳಬಹುದು. ಇಂಗ್ಲಿಷ್ ಪುಸ್ತಕದಲ್ಲಿ ಆಗುತ್ತದೆ. ಕನ್ನಡದ್ದರಲ್ಲಿ ಬಹಳ ಸಲ ಆಗುವುದಿಲ್ಲ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಪಿಡಿಎಫ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಈಗ ಫೋನು, ಕಂಪ್ಯೂಟರುಗಳು ಬಳಸುವ ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಕಾಪಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಬರುತ್ತದೆ. ಇನ್ನು ಸ್ಕ್ಯಾನ್ ಮಾಡಿದ ಹಳೇ ಪುಸ್ತಕ ಆದರೆ ಅದು ಬರೀ ಫೋಟೋ, ಅದರಲ್ಲಿ ಹುಡುಕಲು ಅಕ್ಷರವೇ ಇರುವುದಿಲ್ಲ. ಹಾಗಾಗಿ ಕನ್ನಡದ ಓದುಗರಿಗೆ ಪರಿವಿಡಿ ಮತ್ತು ಈ ಕೂಡುವ ಲೆಕ್ಕವೇ ದಾರಿ. ಇದನ್ನು ಒಮ್ಮೆ ಕೈಗೆ ಹತ್ತಿಸಿಕೊಂಡರೆ ಎಷ್ಟು ದೊಡ್ಡ ಪುಸ್ತಕವಾದರೂ ಅರ್ಧ ನಿಮಿಷದ ಮಾತು.

ಆಂಡ್ರಾಯ್ಡ್ ಫೋನಿನಲ್ಲಿ

ಫೈಲು ವಾಟ್ಸಾಪ್‌ನಲ್ಲಿ ಬಂದಿದ್ದರೆ ಅದನ್ನು ಮುಟ್ಟಿದಾಗ ಯಾವುದರಲ್ಲಿ ತೆರೆಯಲಿ ಅಂತ ಕೇಳುತ್ತದೆ. "ಡ್ರೈವ್ ಪಿಡಿಎಫ್ ವ್ಯೂವರ್" ಆರಿಸಿ. ಬಹಳಷ್ಟು ಫೋನುಗಳಲ್ಲಿ ಇದು ಮೊದಲೇ ಇರುತ್ತದೆ. ಕೇಳದೆ ವಾಟ್ಸಾಪ್ ಒಳಗೇ ತೆರೆದುಕೊಂಡರೆ ಮೇಲಿನ ಮೂರು ಚುಕ್ಕಿಯಲ್ಲಿ ಬೇರೆ ಆ್ಯಪಿನಲ್ಲಿ ತೆರೆಯುವ ಆಯ್ಕೆ ಹುಡುಕಿ.

ಫೈಲು ತೆರೆದ ಮೇಲೆ ಬಲಗಡೆ ಮೇಲೆ ಮೂರು ಚುಕ್ಕಿ ಒತ್ತಿ, "ಪ್ರಿಂಟ್" ಒತ್ತಿ. ಫೋನು ಕನ್ನಡದಲ್ಲಿದ್ದರೆ "ಮುದ್ರಿಸಿ" ಅಂತ ಇರುತ್ತದೆ. ಈಗ ಬರುವ ಪರದೆಯ ತುದಿಯಲ್ಲಿ ಪ್ರಿಂಟರ್ ಹೆಸರಿನ ಜಾಗ ಇದೆ, ಅಲ್ಲಿ "ಸೇವ್ ಆ್ಯಸ್ ಪಿಡಿಎಫ್" ಇರಬೇಕು. ಇಲ್ಲದಿದ್ದರೆ ಅದನ್ನು ಮುಟ್ಟಿ ಬದಲಿಸಿ. ಅದರ ಕೆಳಗೆ ಒಂದು ಚಿಕ್ಕ ಬಾಣ ಕೆಳಮುಖವಾಗಿ ನಿಂತಿರುತ್ತದೆ. ಅಕ್ಕನ ಮಗಳು ಐದು ನಿಮಿಷ ಕಳೆದದ್ದು ಇಲ್ಲೇ, ಬಾಣ ಅಷ್ಟು ಸಣ್ಣದು. ಅದನ್ನು ಒತ್ತಿದರೆ ಪೇಪರ್ ಸೈಜ್, ಬಣ್ಣ, ಪುಟಗಳು ಎಲ್ಲಾ ಬಿಚ್ಚಿಕೊಳ್ಳುತ್ತವೆ.

"ಪೇಜಸ್" ಅನ್ನುವಲ್ಲಿ "ಆಲ್ 34" ಅಂತಿರುತ್ತದೆ, ಅದನ್ನು "ರೇಂಜ್ ಆಫ್ 34" ಮಾಡಿ. ಪಕ್ಕದಲ್ಲಿ ಬರೆಯಲು ಜಾಗ ಬರುತ್ತದೆ. ಒಂದೇ ಪುಟ ಬೇಕಾದರೆ 3. ಸಾಲಾಗಿ ಬೇಕಾದರೆ 6-15. ಅಲ್ಲೊಂದು ಇಲ್ಲೊಂದು ಬೇಕಾದರೆ ನಡುವೆ ಅಲ್ಪವಿರಾಮ, ಹೀಗೆ: 1-2, 5, 16-17. ಅಂಕಿಗಳನ್ನು 1, 2, 3 ಅಂತಲೇ ಒತ್ತಿ, ಕನ್ನಡ ಕೀಬೋರ್ಡಿನ ೧, ೨, ೩ ಬೇಡ. ಪೇಪರ್ ಸೈಜ್ "ಎ4" ಇದೆಯಾ ನೋಡಿಕೊಳ್ಳಿ, "ಲೆಟರ್" ಇದ್ದರೆ ಪುಟದ ಅಳತೆ ಸ್ವಲ್ಪ ಬದಲಾಗುತ್ತದೆ. ಕೆಳಗೆ ಕಾಣುವ ಪುಟದ ಚಿತ್ರಗಳು ನಿಮಗೆ ಬೇಕಾದ್ದೇ ಅಂತ ಖಾತ್ರಿಯಾದ ಮೇಲೆ ಪಿಡಿಎಫ್ ಅಂತ ಬರೆದಿರುವ ದುಂಡಗಿನ ಬಟನ್ ಒತ್ತಿ. ಎಲ್ಲಿ ಇಡಲಿ, ಏನು ಹೆಸರು ಅಂತ ಕೇಳುತ್ತದೆ. ಡೌನ್‌ಲೋಡ್ಸ್ ಆರಿಸಿ, ಹೆಸರು ಕೊಟ್ಟು ಸೇವ್ ಮಾಡಿ.

ಹೆಸರಿನ ಬಗ್ಗೆ ಒಂದು ಮಾತು. ಅದು ತಾನಾಗಿ ಹಳೇ ಫೈಲಿನ ಹೆಸರನ್ನೇ ತೋರಿಸುತ್ತದೆ. ಅವಸರದಲ್ಲಿ ಹಾಗೇ ಬಿಟ್ಟರೆ ಒಂದೇ ಹೆಸರಿನ ಆರು ಫೈಲು, ಪಕ್ಕದಲ್ಲಿ ಬ್ರಾಕೆಟ್ಟಿನಲ್ಲಿ ಒಂದು, ಎರಡು, ಮೂರು ಅಂತ. ಅಪ್‌ಲೋಡ್ ಮಾಡುವಾಗ ಯಾವುದು ಯಾವುದು ಅಂತ ದೇವರಿಗೇ ಗೊತ್ತು. ಒಂದೊಂದಕ್ಕೂ ಅಲ್ಲೇ ಹೆಸರಿಡಿ. ಅರ್ಜಿಗೆ ಹಾಕುವ ಫೈಲಾದರೆ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ, ನಡುವೆ ಜಾಗ ಬಿಡದೆ ಇರಲಿ. ಹೆಸರಿನಲ್ಲಿ ಕನ್ನಡ ಅಕ್ಷರ ಅಥವಾ ಚುಕ್ಕೆ ಗಿಕ್ಕೆ ಇದ್ದರೆ ಕೆಲವು ಪೋರ್ಟಲ್‌ಗಳು ತೆಗೆದುಕೊಳ್ಳುವುದೇ ಇಲ್ಲ, ತಪ್ಪು ಏನು ಅಂತಲೂ ಹೇಳುವುದಿಲ್ಲ.

ಐಫೋನ್ ಇದ್ದರೆ

ಫೈಲ್ಸ್ ಆ್ಯಪಿನಲ್ಲಿ ತೆರೆಯಿರಿ, ಶೇರ್ ಒತ್ತಿ ಪ್ರಿಂಟ್ ಆರಿಸಿ, ಅಲ್ಲೇ ಯಾವ ಪುಟದಿಂದ ಯಾವ ಪುಟದವರೆಗೆ ಅಂತ ಕೊಡಿ. ಪ್ರಿಂಟರ್ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಪುಟದ ಚಿತ್ರದ ಮೇಲೆ ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡುವ ಹಾಗೆ ಅಗಲಿಸಿ, ಅದು ಹೊಸ ಪಿಡಿಎಫ್ ಆಗಿ ತೆರೆದುಕೊಳ್ಳುತ್ತದೆ. ಅದನ್ನು ಮತ್ತೆ ಶೇರ್ ಮಾಡಿ ಫೈಲ್ಸ್‌ಗೆ ಸೇವ್ ಮಾಡಿಕೊಳ್ಳಿ. ಒಂದೆರಡು ಪುಟ ತೆಗೆದುಹಾಕಿದರೆ ಸಾಕು ಅನ್ನುವಾಗ, ಫೈಲಿನ ಇನ್ನೊಂದು ಕಾಪಿ ಮಾಡಿಕೊಂಡು ಅದರಲ್ಲೇ ಬೇಡದ ಪುಟ ಅಳಿಸಬಹುದು. ಐಒಎಸ್ 15ರಿಂದ ಈಚೆಗೆ ಈ ಸೌಲಭ್ಯ ಬಂದಿದೆ.

ಕಂಪ್ಯೂಟರಿನಲ್ಲಿ

ವಿಂಡೋಸ್ ಇರುವವರು ಅಡೋಬಿ ರೀಡರ್ ಹಾಕಿಕೊಂಡು ಅದರಲ್ಲಿ ಪುಟ ತೆಗೆಯುವ ಬಟನ್ ಒತ್ತಿದ ಕೂಡಲೇ ದುಡ್ಡು ಕೇಳುತ್ತದೆ. ಬಿಟ್ಟಿ ರೀಡರ್ ಓದುವುದಕ್ಕೆ, ಪುಟ ಬೇರೆ ಮಾಡುವ ಸಲಕರಣೆ ದುಡ್ಡು ಕೊಟ್ಟವರಿಗೆ. ಅದರ ಗೊಡವೆ ಬೇಡ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಕ್ರೋಮ್ ಅಥವಾ ಎಡ್ಜ್‌ನಲ್ಲಿ ತೆರೆಯಿರಿ. ಕಂಟ್ರೋಲ್ ಮತ್ತು ಪಿ ಒತ್ತಿ. "ಡೆಸ್ಟಿನೇಷನ್" ಅಥವಾ "ಪ್ರಿಂಟರ್" ಅನ್ನುವಲ್ಲಿ "ಸೇವ್ ಆ್ಯಸ್ ಪಿಡಿಎಫ್". "ಪೇಜಸ್" ಅನ್ನುವಲ್ಲಿ "ಕಸ್ಟಮ್" ಮಾಡಿ ಪುಟದ ನಂಬರ್ ಕೊಡಿ. ಸೇವ್. ಮುಗಿಯಿತು.

ಅಲ್ಲೇ "ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್" ಅಂತ ಇನ್ನೊಂದು ಕಾಣಬಹುದು, ವಿಂಡೋಸ್ 10ರಿಂದ ಅದು ಜೊತೆಗೇ ಬರುತ್ತದೆ. ಅದರಿಂದಲೂ ಕೆಲಸ ಆಗುತ್ತದೆ. ಆದರೆ ನನ್ನ ಅನುಭವದಲ್ಲಿ ಕ್ರೋಮ್, ಎಡ್ಜ್‌ನದ್ದೇ ವಾಸಿ. ಮೈಕ್ರೋಸಾಫ್ಟ್‌ದು ನಿಜವಾದ ಪ್ರಿಂಟರಿನ ಹಾಗೆ ನಡೆದುಕೊಳ್ಳುತ್ತದೆ, ಪುಟವನ್ನು ಒಂದು ಸುತ್ತು ಚಿಕ್ಕದು ಮಾಡಿ ಅಂಚು ಬಿಡಬಹುದು, ಅಕ್ಷರ ಕಾಪಿ ಮಾಡಿದರೆ ಒತ್ತಕ್ಷರ ಎಲ್ಲೆಲ್ಲಿಗೋ ಹೋಗಿರಬಹುದು. ಅದನ್ನೇ ಬಳಸಬೇಕಾಗಿ ಬಂದರೆ ಅಳತೆ ಕೇಳುವ ಕಡೆ "ಆಕ್ಚುಯಲ್ ಸೈಜ್" ಆರಿಸಿ.

ಮ್ಯಾಕ್ ಇರುವವರ ಕೆಲಸ ಎಲ್ಲರಿಗಿಂತ ಹಗುರ. ಪ್ರಿವ್ಯೂನಲ್ಲಿ ಫೈಲು ತೆರೆದು, ವ್ಯೂ ಮೆನುವಿನಲ್ಲಿ "ಥಂಬ್‌ನೇಲ್ಸ್" ಹಾಕಿ. ಪಕ್ಕದಲ್ಲಿ ಪುಟಗಳ ಚಿಕ್ಕ ಚಿತ್ರಗಳು ಬರುತ್ತವೆ. ಕಮಾಂಡ್ ಕೀ ಹಿಡಿದುಕೊಂಡು ಬೇಕಾದವನ್ನು ಕ್ಲಿಕ್ ಮಾಡುತ್ತಾ ಹೋಗಿ, ಎಲ್ಲವನ್ನೂ ಎಳೆದು ಡೆಸ್ಕ್‌ಟಾಪ್ ಮೇಲೆ ಬಿಡಿ. ಅಲ್ಲೇ ಹೊಸ ಪಿಡಿಎಫ್. ಒಂದೇ ಎಚ್ಚರಿಕೆ: ತೆರೆದಿರುವ ಮೂಲ ಫೈಲಿನಲ್ಲಿ ಪುಟ ಡಿಲೀಟ್ ಮಾಡಲು ಹೋಗಬೇಡಿ. ಪ್ರಿವ್ಯೂ ಕೇಳದೆಯೇ ಬದಲಾವಣೆಯನ್ನು ಸೇವ್ ಮಾಡುತ್ತದೆ. ನನ್ನ ಮನೆ ಬಾಡಿಗೆ ಕರಾರಿನ ಸ್ಕ್ಯಾನ್‌ನಲ್ಲಿ ಎರಡು ಪುಟ ಹೀಗೇ ಹೋಯಿತು, ಮತ್ತೆ ಮನೆ ಮಾಲೀಕರ ಹತ್ತಿರ ಹೋಗಿ ಅವರ ಕಾಪಿ ಇಸಕೊಂಡು ಸ್ಕ್ಯಾನ್ ಮಾಡಬೇಕಾಯಿತು. ಮೊದಲು ಡೂಪ್ಲಿಕೇಟ್, ಆಮೇಲೆ ಡಿಲೀಟ್.

ಲಿನಕ್ಸ್‌ನವರಿಗೆ ಹೇಳಬೇಕಾದ್ದು ಜಾಸ್ತಿ ಇಲ್ಲ: ಡಾಕ್ಯುಮೆಂಟ್ ವ್ಯೂವರಿನಲ್ಲಿ ಪ್ರಿಂಟ್ ಒತ್ತಿ "ಪ್ರಿಂಟ್ ಟು ಫೈಲ್" ಆರಿಸಿ. ಟರ್ಮಿನಲ್ ರೂಢಿ ಇದ್ದರೆ ಪುಟ ಬೇರೆ ಮಾಡುವ ಕ್ಯೂಪಿಡಿಎಫ್ ಅನ್ನುವ ಸಲಕರಣೆ ಹಾಕಿಕೊಳ್ಳಿ.

ಒಂದನ್ನು ಹಲವು ಮಾಡುವುದು

ಇಲ್ಲಿಯವರೆಗೆ ಹೇಳಿದ್ದು ಒಂದು ಸಲಕ್ಕೆ ಒಂದು ತುಂಡು. ಆರು ಫೈಲಿಗೆ ಆರು ಸಲ ಪ್ರಿಂಟ್ ಮಾಡಬಹುದು, ತೊಂದರೆ ಇಲ್ಲ. ಆದರೆ ನೀವು ಶಾಲೆಯ ಆಫೀಸಿನಲ್ಲಿ ಕೂತಿದ್ದೀರಿ, 120 ಮಕ್ಕಳ ಅಂಕಪಟ್ಟಿ ಒಂದೇ ಫೈಲಿನಲ್ಲಿ ಬಂದಿದೆ, ಒಂದೊಂದು ಮಗುವಿಗೂ ಬೇರೆ ಮಾಡಿ ಕಳಿಸಬೇಕು ಅಂದರೆ ಪ್ರಿಂಟ್ ದಾರಿ ಹಿಡಿದರೆ ಸಂಜೆಯಾಗುತ್ತದೆ. ಅಂಥ ಕೆಲಸಕ್ಕೆ ನಾನು ಹೇಳುವುದು ಪಿಡಿಎಫ್‌ಸ್ಯಾಮ್ ಬೇಸಿಕ್. ಬಿಟ್ಟಿ, ಮುಕ್ತ ತಂತ್ರಾಂಶ, ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಅದೇ ಹೆಸರಿನಲ್ಲಿ ದುಡ್ಡಿನ ಆವೃತ್ತಿಗಳೂ ಇವೆ, ಹಾಗಾಗಿ ಇಳಿಸಿಕೊಳ್ಳುವಾಗ "ಬೇಸಿಕ್" ಅನ್ನುವುದನ್ನೇ ನೋಡಿ ತೆಗೆದುಕೊಳ್ಳಿ. ಹಾಕಿಕೊಳ್ಳುವಾಗ ಬೇರೇನಾದರೂ ಸೇರಿಸಲಾ ಅಂತ ಕೇಳಿದರೆ ಟಿಕ್ ತೆಗೆಯಿರಿ.

ಅದನ್ನು ತೆರೆದರೆ "ಸ್ಪ್ಲಿಟ್" ಮತ್ತು "ಎಕ್ಸ್‌ಟ್ರ್ಯಾಕ್ಟ್" ಅಂತ ಬೇರೆ ಬೇರೆ ಕಾಣುತ್ತವೆ. ಹೆಸರು ಹತ್ತಿರ ಹತ್ತಿರ, ಕೆಲಸ ಬೇರೆ. ಎಕ್ಸ್‌ಟ್ರ್ಯಾಕ್ಟ್ ಅಂದರೆ ನೀವು ಹೇಳಿದ ಪುಟಗಳನ್ನು ಮಾತ್ರ ಆರಿಸಿ ತೆಗೆಯುವುದು, ಬುಟ್ಟಿಯಿಂದ ನಾಲ್ಕು ಹಣ್ಣು ಆರಿಸಿದ ಹಾಗೆ. ಸ್ಪ್ಲಿಟ್ ಅಂದರೆ ಇಡೀ ಫೈಲನ್ನು ತುಂಡು ಮಾಡುವುದು, ಯಾವ ಪುಟವೂ ಬಿಟ್ಟುಹೋಗುವುದಿಲ್ಲ.

ಅಂಕಪಟ್ಟಿ ಕೆಲಸಕ್ಕೆ ಸ್ಪ್ಲಿಟ್‌ನಲ್ಲಿ ಪ್ರತಿ ಪುಟದ ನಂತರ ಕತ್ತರಿಸು ಅನ್ನುವ ಆಯ್ಕೆ ಸಾಕು. ಒಂದು ಮಗುವಿಗೆ ಎರಡು ಪುಟ ಇದ್ದರೆ ಎರಡೆರಡು ಪುಟಕ್ಕೆ ಅಂತ ಕೊಡಬಹುದು. ಅಕ್ಕನ ಮಗಳ ಫೈಲಿನಂಥದ್ದಕ್ಕೆ "ಈ ಪುಟಗಳ ನಂತರ" ಅನ್ನುವ ಆಯ್ಕೆ ಇದೆ. ಇಲ್ಲಿ ಸ್ವಲ್ಪ ನಿಧಾನಿಸಿ. ನೀವು ಕೊಡಬೇಕಾದ್ದು ಪ್ರತಿ ತುಂಡಿನ ಕೊನೆಯ ಪುಟ, ಮೊದಲ ಪುಟವಲ್ಲ. ಅವಳ ಚೀಟಿ ನೋಡಿ: 1-2, 3, 4-5, 6-15, 16-17, 18-34. ಕೊನೆಯ ಪುಟಗಳು 2, 3, 5, 15, 17. ಇಷ್ಟನ್ನೇ "2,3,5,15,17" ಅಂತ ಬರೆದರೆ ಆರು ಫೈಲು ಬರುತ್ತದೆ. 34 ಬರೆಯಬೇಕಿಲ್ಲ, ಉಳಿದದ್ದು ತಾನಾಗಿ ಕೊನೆಯ ಫೈಲಾಗುತ್ತದೆ. ಐದು ಕಡೆ ಕತ್ತರಿ ಹಾಕಿದರೆ ಆರು ತುಂಡು, ಅಷ್ಟೇ ಲೆಕ್ಕ.

ಇನ್ನೊಂದು ಆಯ್ಕೆ ಬುಕ್‌ಮಾರ್ಕ್ ಪ್ರಕಾರ ಕತ್ತರಿಸುವುದು. ಓದುವಾಗ ಪಕ್ಕದಲ್ಲಿ ಅಧ್ಯಾಯಗಳ ಪಟ್ಟಿ ಕಾಣುವ ಪುಸ್ತಕವಾದರೆ ಇದು ಒಂದೇ ಏಟಿಗೆ ಪ್ರತಿ ಅಧ್ಯಾಯವನ್ನೂ ಬೇರೆ ಮಾಡಿಕೊಡುತ್ತದೆ. ಇದರ ಮುಂದೆ ನಾನು ಮೇಲೆ ಹೇಳಿದ ಕೂಡುವ ಲೆಕ್ಕವೂ ಬೇಡ. ಆದರೆ ಕನ್ನಡದ ಪುಸ್ತಕಗಳಲ್ಲಿ ಬುಕ್‌ಮಾರ್ಕ್ ಹಾಕಿರುವುದು ನನಗೆ ಸಿಕ್ಕಿದ್ದು ಕಮ್ಮಿ. ಪುಸ್ತಕ ಪಿಡಿಎಫ್ ಮಾಡಿ ಹಂಚುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬುಕ್‌ಮಾರ್ಕ್ ಹಾಕಿ, ಓದುವವರಿಗೆ ಬಹಳ ಉಪಕಾರವಾಗುತ್ತದೆ.

ಪುಟಗಳು ಹಿಂದೆ ಮುಂದೆ ಆಗಿದ್ದರೆ, ಒಂದು ಪುಟ ಅಡ್ಡ ಮಲಗಿದ್ದರೆ, ನಡುವೆ ಖಾಲಿ ಹಾಳೆ ಬಂದಿದ್ದರೆ ಪಿಡಿಎಫ್ ಅರೇಂಜರ್ ಅನ್ನುವುದು ಅನುಕೂಲ. ಅದೂ ಬಿಟ್ಟಿ, ವಿಂಡೋಸ್ ಮತ್ತು ಲಿನಕ್ಸ್‌ಗೆ ಸಿಗುತ್ತದೆ. ಪುಟಗಳೆಲ್ಲ ಮೇಜಿನ ಮೇಲೆ ಹರಡಿದ ಹಾಗೆ ಕಾಣುತ್ತವೆ, ಎಳೆದು ಜಾಗ ಬದಲಿಸಬಹುದು, ತಿರುಗಿಸಬಹುದು, ಆರಿಸಿದ್ದನ್ನು ಮಾತ್ರ ಬೇರೆ ಫೈಲು ಮಾಡಬಹುದು. ನಂಬರಿಗಿಂತ ಕಣ್ಣನ್ನು ನಂಬುವವರಿಗೆ ಇದು ಹಿಡಿಸುತ್ತದೆ.

ಪ್ರಿಂಟ್ ದಾರಿ ಎಲ್ಲಿ ಸಲ್ಲದು

ಪ್ರಿಂಟ್ ಮಾಡಿ ಹುಟ್ಟಿಸಿದ ಪಿಡಿಎಫ್ ನೋಡಲು ಮೂಲದ ಹಾಗೇ ಇದ್ದರೂ ಒಳಗಿನ ಕೆಲವು ವಸ್ತುಗಳು ಅದರಲ್ಲಿ ಇರುವುದಿಲ್ಲ. ಬುಕ್‌ಮಾರ್ಕ್ ಹೋಗುತ್ತದೆ, ಒತ್ತಿದರೆ ತೆರೆಯುತ್ತಿದ್ದ ಲಿಂಕುಗಳು ಸುಮ್ನೆ ನೀಲಿ ಅಕ್ಷರವಾಗುತ್ತವೆ, ತುಂಬುವ ಫಾರಂ ಇದ್ದರೆ ತುಂಬಲು ಬರುವುದಿಲ್ಲ. ಸ್ಕ್ಯಾನ್ ಮಾಡಿದ ಮಾರ್ಕ್ಸ್ ಕಾರ್ಡಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಪುಸ್ತಕಕ್ಕೆ, ಫಾರಂಗೆ ಲೆಕ್ಕಕ್ಕಿದೆ. ಅಲ್ಲಿ ಪಿಡಿಎಫ್‌ಸ್ಯಾಮ್‌ನಂಥದ್ದನ್ನು ಬಳಸಿ, ಅದು ಪುಟವನ್ನು ಮತ್ತೆ ಅಚ್ಚು ಹಾಕದೆ ಇದ್ದ ಹಾಗೇ ಎತ್ತಿ ಕೊಡುತ್ತದೆ.

ಎಲ್ಲಕ್ಕಿಂತ ಮುಖ್ಯ ಡಿಜಿಟಲ್ ಸಹಿ. ಇ-ಆಧಾರ್ ಅಥವಾ ಆನ್‌ಲೈನಿನಲ್ಲಿ ಇಳಿಸಿಕೊಂಡ ಎಷ್ಟೋ ಪ್ರಮಾಣಪತ್ರಗಳಲ್ಲಿ ಅಧಿಕಾರಿಯ ಡಿಜಿಟಲ್ ಸಹಿ ಇರುತ್ತದೆ. ಆ ಸಹಿ ಬೀಳುವುದು ಒಂದು ಪುಟದ ಮೇಲಲ್ಲ, ಇಡೀ ಫೈಲಿನ ಮೇಲೆ. ಫೈಲಿನಲ್ಲಿ ಆಮೇಲೆ ಯಾರೂ ಕೈಯಾಡಿಸಿಲ್ಲ ಅಂತ ತೋರಿಸುವುದೇ ಅದರ ಕೆಲಸ. ಹಾಗಿರುವಾಗ ನೀವು ಪುಟ ಬೇರೆ ಮಾಡಿದರೆ, ಯಾವ ಸಲಕರಣೆಯಿಂದ ಮಾಡಿದರೂ, ಹೊಸ ಫೈಲಿನಲ್ಲಿ ಆ ಸಹಿ ನಿಲ್ಲುವುದಿಲ್ಲ. ಸಹಿಯ ಚಿತ್ರ ಕಾಣುತ್ತದೆ, ಪರೀಕ್ಷೆ ಮಾಡಿದರೆ ಬೆಲೆ ಇಲ್ಲ. ಹಾಗಾಗಿ ಸಹಿ ಇರುವ ದಾಖಲೆಯನ್ನು ಕೇಳಿದರೆ ಇಳಿಸಿಕೊಂಡ ಮೂಲ ಫೈಲನ್ನೇ ಕೊಡಿ, ಎರಡು ಪುಟ ಜಾಸ್ತಿ ಇದ್ದರೂ ಇರಲಿ.

ಪಾಸ್‌ವರ್ಡ್ ಇರುವ ಫೈಲುಗಳದ್ದು ಇನ್ನೊಂದು ಕಥೆ. ಇ-ಆಧಾರ್‌ನ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡ ಅಕ್ಷರ ಮತ್ತು ಹುಟ್ಟಿದ ವರ್ಷ, ಒಟ್ಟು 8. ಬ್ಯಾಂಕುಗಳು ತಮ್ಮದೇ ಲೆಕ್ಕ ಇಟ್ಟಿರುತ್ತವೆ, ಅದು ಇಮೇಲಿನಲ್ಲೇ ಬರೆದಿರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನ ಮೂರು ತಿಂಗಳ ಪುಟ ಮಾತ್ರ ಬೇಕಾದಾಗ, ಕ್ರೋಮ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ತೆರೆದು, ಮೇಲೆ ಹೇಳಿದ ಹಾಗೇ ಪ್ರಿಂಟ್ ಮಾಡಿ ಸೇವ್ ಮಾಡಿ. ಹೊಸ ಫೈಲಿಗೆ ಪಾಸ್‌ವರ್ಡ್ ಇರುವುದಿಲ್ಲ. ಇದು ಅನುಕೂಲವೂ ಹೌದು, ಅಪಾಯವೂ ಹೌದು, ಯಾಕೆಂದರೆ ಈಗ ಅದು ಯಾರ ಕೈಗೆ ಸಿಕ್ಕರೂ ತೆರೆದುಕೊಳ್ಳುತ್ತದೆ. ಕೆಲಸ ಆದ ಮೇಲೆ ಅಳಿಸಿಬಿಡಿ.

ಮುಚ್ಚಿದ್ದೆಲ್ಲ ಮುಚ್ಚಿರುವುದಿಲ್ಲ

ಪುಟದ ಅರ್ಧ ಭಾಗ ಬೇಡ ಅಂತ ಪಿಡಿಎಫ್ ಕ್ರಾಪ್ ಮಾಡುವವರಿದ್ದಾರೆ. ಕ್ರಾಪ್ ಮಾಡಿದರೆ ಆ ಭಾಗ ಕಾಣುವುದಿಲ್ಲ ಅಷ್ಟೇ, ಬಹಳಷ್ಟು ಸಲ ಅದು ಫೈಲಿನ ಒಳಗೇ ಇರುತ್ತದೆ. ಬೇರೆಯವರು ಅಳತೆಯನ್ನು ಮೊದಲಿನ ಹಾಗೆ ಮಾಡಿದರೆ ಎಲ್ಲಾ ಈಚೆ ಬರುತ್ತದೆ. ಆಧಾರ್ ನಂಬರಿನ ಮೇಲೆ, ಖಾತೆ ನಂಬರಿನ ಮೇಲೆ ಕಪ್ಪು ಚೌಕ ಇಡುವುದೂ ಹೀಗೇ. ಚೌಕ ಸರಿಸಿದರೆ ಕೆಳಗೆ ನಂಬರು, ಅಥವಾ ಆ ಜಾಗವನ್ನು ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ನಂಬರು. ಆಧಾರ್ ಕೊಡಲೇಬೇಕಾದ ಕಡೆ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ, ಆಧಾರ್ ಕೊಡುವ ಯುಐಡಿಎಐ ಸೈಟಿನಲ್ಲೇ ಆ ಆಯ್ಕೆ ಇದೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಉಳಿದದ್ದಕ್ಕೆ ಪುಟದ ಸ್ಕ್ರೀನ್‌ಶಾಟ್ ತೆಗೆದು, ಬೇಡದ ಜಾಗವನ್ನು ಚಿತ್ರದಲ್ಲೇ ಕತ್ತರಿಸಿ, ಆ ಕತ್ತರಿಸಿದ ಚಿತ್ರದ ಹೊಸ ಕಾಪಿಯಿಂದ ಪಿಡಿಎಫ್ ಮಾಡುವುದು ಭದ್ರ.

ಫೈಲು ಇನ್ನೂ ದೊಡ್ಡದೇ ಇದೆ ಅಂದರೆ

ಅಕ್ಕನ ಮಗಳ ಫೈಲು 48 ಎಂಬಿ ಇತ್ತು, 34 ಪುಟಕ್ಕೆ. ಅಂದರೆ ಪುಟಕ್ಕೆ ಹೆಚ್ಚುಕಮ್ಮಿ 1.4 ಎಂಬಿ. ಸ್ಕ್ಯಾನ್ ಮಾಡಿದ ಫೈಲಿನಲ್ಲಿ ಪ್ರತಿ ಪುಟವೂ ಒಂದು ಫೋಟೋ, ಪುಟ ಬೇರೆ ಮಾಡಿದರೆ ಅದರ ತೂಕ ಅದರ ಜೊತೆ ಹೋಗುತ್ತದೆ. ಒಂದು ಪುಟದ ಎಸ್ಸೆಸ್ಸೆಲ್ಸಿ ಫೈಲು 1.4 ಎಂಬಿ ಆಯಿತು, ಅರ್ಜಿ ಕೇಳಿದ್ದು 200 ಕೆಬಿ. ಇಲ್ಲಿ ಪುಟ ಬೇರೆ ಮಾಡುವುದರಿಂದ ಇನ್ನು ಏನೂ ಆಗುವುದಿಲ್ಲ, ಸ್ಕ್ಯಾನೇ ಹಗುರವಾಗಬೇಕು. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ ಚಿತ್ರ 2480 ಅಡ್ಡ, 3508 ಉದ್ದದ ಚುಕ್ಕಿಗಳಾಗುತ್ತದೆ. 150 ಡಿಪಿಐ ಮಾಡಿದರೆ 1240, 1754. ಅಳತೆ ಅರ್ಧ, ಚುಕ್ಕಿಗಳು ಕಾಲು ಭಾಗ. ಅಕ್ಷರ ಓದಲು ಇದು ಸಾಕು. ಬಣ್ಣ ಬೇಡ ಅಂದರೆ ಗ್ರೇಸ್ಕೇಲ್ ಹಾಕಿ, ಇನ್ನೂ ಇಳಿಯುತ್ತದೆ. ಅವಳು ಆ ಒಂದು ಹಾಳೆಯನ್ನು ಫೋನಿನ ಸ್ಕ್ಯಾನ್ ಆ್ಯಪಿನಲ್ಲಿ ಕಡಿಮೆ ಗುಣಮಟ್ಟ ಇಟ್ಟು ಮತ್ತೆ ಸ್ಕ್ಯಾನ್ ಮಾಡಿದಳು, ಸಾಕಾಯಿತು.

ಟೈಪ್ ಮಾಡಿದ ಪುಸ್ತಕದ್ದು ಉಲ್ಟಾ. 300 ಪುಟದ 6 ಎಂಬಿ ಪುಸ್ತಕದಿಂದ ಒಂದು ಪುಟ ತೆಗೆದರೆ 20 ಕೆಬಿ ಬರಬೇಕಲ್ವಾ ಅಂತ ಅಂದುಕೊಂಡರೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತದೆ. ಯಾಕೆಂದರೆ ಫಾಂಟು ಎಲ್ಲಾ ಪುಟಗಳ ಸಮಾನ ಆಸ್ತಿ. ಫೈಲಿನಲ್ಲಿ ಒಂದೇ ಕಡೆ ಇರುತ್ತದೆ, ಎಲ್ಲಾ ಪುಟಗಳೂ ಅದನ್ನು ಬಳಸುತ್ತವೆ. ಅಡೋಬಿಯವರು 1993ರಲ್ಲಿ ಪಿಡಿಎಫ್ ತಂದದ್ದೇ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಒಂದೇ ತರ ಕಾಣಲಿ ಅಂತ, ಅದಕ್ಕೆ ಬೇಕಾದ ಫಾಂಟನ್ನು ಫೈಲಿನ ಜೊತೆಗೇ ಕಟ್ಟಿ ಕಳಿಸುವುದು ಆ ವ್ಯವಸ್ಥೆಯ ಭಾಗ. ನೀವು ಒಂದೇ ಪುಟ ತೆಗೆದರೂ ಅದಕ್ಕೆ ಬೇಕಾದ ಫಾಂಟು ಪೂರ್ತಿ ಹಿಂದೆಯೇ ಬರುತ್ತದೆ. ಫೈಲು ಕೆಟ್ಟಿದೆ ಅಂತ ಹೆದರಬೇಡಿ.

ಕಳಿಸುವ ಮೊದಲು

ಹೊಸ ಫೈಲನ್ನು ತೆರೆದು ಎಲ್ಲಾ ಪುಟ ನೋಡಿ. ಎಣಿಕೆ ಸರಿ ಇದೆಯಾ, ಅಂಚಿನಲ್ಲಿ ಸೀಲು ಕತ್ತರಿಸಿಹೋಗಿಲ್ಲ ತಾನೆ, ಪ್ರಮಾಣಪತ್ರದ ಆರ್‌ಡಿ ನಂಬರ್ ದೊಡ್ಡದು ಮಾಡಿದರೆ ಓದಲು ಬರುತ್ತದಾ. ಕ್ಯೂಆರ್ ಕೋಡ್ ಇದ್ದರೆ ಇನ್ನೊಂದು ಫೋನಿನಿಂದ ಸ್ಕ್ಯಾನ್ ಮಾಡಿ ನೋಡಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತಲೇ ಆರಿಸಿ ಕಳಿಸಿ. ಜಿಮೇಲ್‌ನಲ್ಲಾದರೆ 25 ಎಂಬಿ ದಾಟಿದ್ದು ಅಟ್ಯಾಚ್ ಆಗದೆ ಡ್ರೈವ್ ಲಿಂಕ್ ಆಗಿ ಹೋಗುತ್ತದೆ, ಆ ಕಡೆಯವರಿಗೆ ತೆರೆಯುವ ಅನುಮತಿ ಇದೆಯಾ ಅಂತ ನೋಡಬೇಕಾಗುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದೆ ಸೈಬರ್ ಸೆಂಟರಿನಲ್ಲಿ ಕೂತು ಮಾಡುವುದಾದರೆ ಇನ್ನೆರಡು ನಿಮಿಷ ಅಲ್ಲೇ ಕೂರಿ. ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನಿಮ್ಮ ಮೂಲ ಫೈಲು, ತುಂಡು ಮಾಡಿದ ಫೈಲುಗಳು ಎಲ್ಲವನ್ನೂ ಸೆಲೆಕ್ಟ್ ಮಾಡಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ, ಹಾಗೆ ಮಾಡಿದರೆ ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಡೆಸ್ಕ್‌ಟಾಪ್ ಮೇಲೂ ಒಮ್ಮೆ ಕಣ್ಣು ಹಾಯಿಸಿ. ಜಿಮೇಲ್‌ನಿಂದ ಲಾಗ್ ಔಟ್ ಆಗಿ. ವಾಟ್ಸಾಪ್ ವೆಬ್ ತೆರೆದಿದ್ದರೆ ನಿಮ್ಮ ಫೋನಿನಲ್ಲಿ "ಲಿಂಕ್ಡ್ ಡಿವೈಸಸ್"ಗೆ ಹೋಗಿ ಆ ಕಂಪ್ಯೂಟರಿನ ಹೆಸರು ಮುಟ್ಟಿ ಲಾಗ್ ಔಟ್ ಮಾಡಿ, ಪಟ್ಟಿ ಖಾಲಿಯಾಯಿತಾ ಅಂತ ನೋಡಿಕೊಂಡು ಎದ್ದೇಳಿ.